ತೊಂಬತ್ತಾರು ಗಂಟೆ ಬದುಕಿದ ಮೀನು

ಕಾರ್ಖಾನೆಯ ತ್ಯಾಜ್ಯನೀರು ಜಲಚರಗಳಿಗೆ ಅಪಾಯಕಾರಿಯೇ ಅಲ್ಲವೇ ಎಂಬುದನ್ನು ತೀರ್ಮಾನಿಸಲು ಭಾರತದ ಪರಿಸರ ಸಂರಕ್ಷಣಾ ನಿಯಮಗಳಲ್ಲಿ (1986) ಒಂದು ಪರೀಕ್ಷೆಯನ್ನು ವಿಧಿಸಲಾಗಿದೆ. ಸಂಸ್ಕರಿಸಿದ ತ್ಯಾಜ್ಯನೀರನ್ನು ಒಂದು ಹನಿ ಶುದ್ಧ ನೀರನ್ನೂ ಬೆರೆಸದೆ ತೊಟ್ಟಿಗೆ ತುಂಬಬೇಕು, ಅದರಲ್ಲಿ ಮೀನುಗಳನ್ನು ಬಿಡಬೇಕು, 96 ಗಂಟೆ ಕಾಯಬೇಕು. ನೂರರಲ್ಲಿ ತೊಂಬತ್ತು ಮೀನುಗಳು ಬದುಕಿದ್ದರೆ ನೀರು ತೇರ್ಗಡೆಯಾದಂತೆ. ಕಾಗದದ ಮೇಲೆ ಇದು ಕಠಿಣ ಪರೀಕ್ಷೆಯೇ ಹೌದು. ಆದರೆ ನಾಲ್ಕನೆಯ ದಿನದ ಕೊನೆಗೆ ಬದುಕುಳಿದ ಆ ಮೀನು ನೆಟ್ಟಗೆ ಈಜುತ್ತಿದೆಯೇ, ಆಹಾರದ ವಾಸನೆ ಹಿಡಿಯುತ್ತಿದೆಯೇ, ನೆರಳು ಬಿದ್ದಾಗ ಬೆದರಿ ಓಡುತ್ತಿದೆಯೇ ಎಂದು ನಿಯಮ ಕೇಳುವುದಿಲ್ಲ. ಉಸಿರು ಇದೆಯೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಎಣ್ಣೆಯ ಮಾಲಿನ್ಯವನ್ನು ಅಳೆಯುವುದಕ್ಕೆ ಈ ಪ್ರಶ್ನೆ ಸಾಲದು. ಏಕೆಂದರೆ ಎಣ್ಣೆಯ ಮೊದಲ ಪೆಟ್ಟು ಬೀಳುವುದು ಮೀನಿನ ಪ್ರಾಣದ ಮೇಲಲ್ಲ, ಅದರ ನರಮಂಡಲದ ಮೇಲೆ.

ಬೊಮ್ಮಸಂದ್ರದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಆನೇಕಲ್ ತಾಲ್ಲೂಕಿನ ಈ ಊರು ಒಂದು ಕಾಲಕ್ಕೆ ರಾಗಿ ಹೊಲಗಳ, ಕೆರೆಯಂಗಳದ ತೋಟಗಳ ಊರು. ಇಂದು ಹೊಸೂರು ರಸ್ತೆಯ ಎರಡೂ ಮಗ್ಗುಲಲ್ಲಿ, ಎಲೆಕ್ಟ್ರಾನಿಕ್ ಸಿಟಿಯಿಂದ ಚಂದಾಪುರದವರೆಗೆ, ಇತ್ತ ಜಿಗಣಿಯವರೆಗೆ, ಕಾರ್ಖಾನೆಗಳ ಸಾಲು. ಔಷಧ ತಯಾರಿಕೆ, ಬಿಡಿಭಾಗಗಳ ಎರಕ, ಲೇತು ಮಷೀನುಗಳ ಸಣ್ಣ ಷೆಡ್ಡುಗಳು, ಲೋಹಲೇಪನದ ಘಟಕಗಳು, ಲಾರಿ ನಿಲ್ದಾಣಗಳು, ಗ್ಯಾರೇಜುಗಳು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ರೈಲು ಇಲ್ಲಿಯವರೆಗೆ ಬಂದಿತು. ಈ ಎಲ್ಲದರ ನಡುವೆ, ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು ಹರಿಯುವ ಹಳೆಯ ಕೆರೆಸಾಲುಗಳು ಇನ್ನೂ ಇವೆ. ಬೊಮ್ಮಸಂದ್ರ, ಕಿತ್ತಗಾನಹಳ್ಳಿ, ಹೆಬ್ಬಗೋಡಿ, ಕಮ್ಮಸಂದ್ರ, ಚಂದಾಪುರ, ಮುತ್ತಾನಲ್ಲೂರು ಎಂದು ಈ ಸೀಮೆಯ ಕೆರೆಗಳ ಹೆಸರು ಹೇಳುತ್ತಾ ಹೋಗಬಹುದು. ಚಂದಾಪುರ ಕೆರೆಯನ್ನು ಕಾಪಾಡುವಲ್ಲಿ ವಿಫಲವಾದುದಕ್ಕಾಗಿ ರಾಜ್ಯ ಸರ್ಕಾರ 500 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರ ಅಕ್ಟೋಬರಿನಲ್ಲಿ ಆದೇಶಿಸಿತು. ಒಂದು ಸಾಧಾರಣ ಗಾತ್ರದ ಕೆರೆಗೆ ಅಷ್ಟು ದೊಡ್ಡ ಮೊತ್ತ! ಪತ್ರಿಕೆಗಳು ಮೊತ್ತವನ್ನು ದಪ್ಪಕ್ಷರದಲ್ಲಿ ಅಚ್ಚುಮಾಡಿದವು. ಕೆರೆಯೊಳಗಿನ ಜೀವಿಗೆ ಏನಾಗಿದೆ ಎಂಬುದು ಒಳಪುಟಕ್ಕೂ ಬರಲಿಲ್ಲ.

ಎಣ್ಣೆ ಮಾಲಿನ್ಯ ಎಂದೊಡನೆ ಜನರ ಕಣ್ಣಮುಂದೆ ನಿಲ್ಲುವುದು ಒಡೆದ ಹಡಗು, ಕಪ್ಪು ಅಲೆ, ರೆಕ್ಕೆ ಅಂಟಿದ ಕಡಲಹಕ್ಕಿ. 1989ರಲ್ಲಿ ಅಲಾಸ್ಕದ ತೀರದಲ್ಲಿ ಎಕ್ಸಾನ್ ವಾಲ್ಡೀಜ್, 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್, 2023ರ ಡಿಸೆಂಬರಿನಲ್ಲಿ ಚೆನ್ನೈ ಪಕ್ಕದ ಎನ್ನೂರು ಅಳಿವೆ. ಬೊಮ್ಮಸಂದ್ರದಲ್ಲಿ ಹಡಗಿಲ್ಲ, ಕಡಲೂ ಇಲ್ಲ. ಇಂಥ ಕೈಗಾರಿಕಾ ವಲಯದ ಎಣ್ಣೆ ಹನಿಹನಿಯಾಗಿ ಬರುವಂಥದ್ದು. ಲಾರಿಯ ತಳದಿಂದ ರಸ್ತೆಗೆ ತೊಟ್ಟಿಕ್ಕುವ ಹನಿ, ಗ್ಯಾರೇಜಿನ ನೆಲ ತೊಳೆದ ನೀರು, ಜನರೇಟರ್ ಕೊಠಡಿಯ ಡೀಸೆಲ್, ಲೇತಿನ ಮೇಲೆ ಹಾಲಿನಂತೆ ಸುರಿಯುವ ಕೂಲಂಟ್. ಹೊಸ ಎಂಜಿನ್ ಆಯಿಲ್‌ಗಿಂತ ಸಾವಿರಾರು ಕಿಲೊಮೀಟರ್ ಓಡಿ ಕಪ್ಪಾದ ವೇಸ್ಟ್ ಆಯಿಲ್ ಹೆಚ್ಚು ವಿಷಕಾರಿ. ಎಂಜಿನ್ನಿನೊಳಗೆ ಇಂಧನ ಉರಿಯುವಾಗ ಹುಟ್ಟುವ ಬಹುವಲಯ ಹೈಡ್ರೊಕಾರ್ಬನ್ನುಗಳು ಅದರಲ್ಲಿ ಶೇಖರವಾಗುತ್ತಾ ಹೋಗುತ್ತವೆ. ವಿಜ್ಞಾನದ ಬರಹಗಳಲ್ಲಿ ಇವಕ್ಕೆ ಪಿ.ಎ.ಎಚ್. ಎಂಬ ಸಂಕ್ಷಿಪ್ತ ಹೆಸರು. ಮುಂದೆ ಹೇಳುವ ಕಥೆಯಲ್ಲಿ ಮುಖ್ಯ ಪಾತ್ರಧಾರಿಗಳು ಇವೇ.

ಕೂಲಂಟ್‌ನದು ಮತ್ತೊಂದು ಬಗೆ. ಎಣ್ಣೆ ನೀರಿನ ಮೇಲೆ ತೇಲಿದರೆ ಕಣ್ಣಿಗೆ ಬೀಳುತ್ತದೆ, ತಡೆತೊಟ್ಟಿಯಲ್ಲಿ ಮೇಲಿಂದ ತೆಗೆಯಲೂಬಹುದು. ಆದರೆ ಕೂಲಂಟ್ ಎಂಬುದು ಎಣ್ಣೆಯನ್ನು ಸಾಬೂನಿನಂಥ ವಸ್ತುವಿನಿಂದ ಒಡೆದು ನೀರಿನಲ್ಲಿ ಬೆರೆಸಿದ ದ್ರವ. ಅದು ಪದರ ಕಟ್ಟುವುದಿಲ್ಲ, ಮಳೆಬಿಲ್ಲಿನ ಬಣ್ಣ ತೋರುವುದಿಲ್ಲ. ಆಮ್ಲವನ್ನೋ ಪಟಿಕವನ್ನೋ ಹಾಕಿ ಒಡೆಯದ ಹೊರತು ಎಣ್ಣೆ ಬೇರೆಯಾಗುವುದಿಲ್ಲ. ಮನೆಮನೆಯ ಬಟ್ಟೆಸೋಪು, ಡಿಟರ್ಜೆಂಟು ಚರಂಡಿಯಲ್ಲಿ ಇದೇ ಕೆಲಸವನ್ನು ಉಚಿತವಾಗಿ ಮಾಡಿಕೊಡುತ್ತವೆ. ಹೀಗೆ ಸಣ್ಣ ಕಣಗಳಾಗಿ ಒಡೆದ ಎಣ್ಣೆ ಮೀನಿನ ಕಿವಿರಿಗೆ ಸುಲಭವಾಗಿ ತಲಪುತ್ತದೆ.

ಕಿವಿರಿನ ತೆಳುಪೊರೆ ದಾಟಿ ರಕ್ತ ಸೇರಿದ ಹೈಡ್ರೊಕಾರ್ಬನ್ ನೆಲೆ ಹುಡುಕುವುದು ಕೊಬ್ಬಿನಲ್ಲಿ. ದೇಹದಲ್ಲಿ ಕೊಬ್ಬಿನಂಶ ಹೇರಳವಾಗಿರುವ ಅಂಗಗಳಲ್ಲಿ ಮಿದುಳು ಒಂದು. ನರತಂತುಗಳ ಮೇಲಿನ ಹೊದಿಕೆ ಕೊಬ್ಬು, ನರಕೋಶದ ಪೊರೆಯೂ ಕೊಬ್ಬು. ಬೆಂಜೀನ್, ಟಾಲ್ವೀನ್‌ನಂಥ ಹಗುರ ಅಂಶಗಳು ಈ ಪೊರೆಯಲ್ಲಿ ಕರಗಿ ನರಸಂಕೇತವನ್ನು ಮಂಕಾಗಿಸುತ್ತವೆ. ಹಿಂದೆ ಶಸ್ತ್ರಚಿಕಿತ್ಸೆಗೆ ಮುನ್ನ ಈಥರ್ ಮೂಸಿಸಿ ಎಚ್ಚರ ತಪ್ಪಿಸುತ್ತಿದ್ದರಲ್ಲ, ಅದೇ ಬಗೆಯ ಮತ್ತು. ಮೀನು ಸಾಯುವುದಿಲ್ಲ. ಓಲಾಡುತ್ತದೆ, ಮಗ್ಗುಲಾಗುತ್ತದೆ, ಮೇಲೆ ಬಂದು ಬಾಯಿ ತೆರೆಯುತ್ತದೆ. ಶುದ್ಧ ನೀರು ಸಿಕ್ಕರೆ ಬಹುಮಟ್ಟಿಗೆ ಚೇತರಿಸಿಕೊಳ್ಳಲೂಬಹುದು. ಬಹುವಲಯದ ಭಾರದ ಅಂಶಗಳ ಕೆಲಸ ಇನ್ನಷ್ಟು ನಿಧಾನ. ಅವುಗಳಲ್ಲಿ ಫಿನಾಂತ್ರೀನ್ ಎಂಬುದು ಹೃದಯಕೋಶದ ಪೊಟ್ಯಾಸಿಯಮ್ ಮತ್ತು ಕ್ಯಾಲ್ಸಿಯಮ್ ದ್ವಾರಗಳ ಕೆಲಸವನ್ನು ಕೆಡಿಸುತ್ತದೆಂದು ಡೀಪ್‌ವಾಟರ್ ಹೊರೈಜನ್ ದುರಂತದ ನಂತರ ಟ್ಯೂನ ಮೀನಿನ ಮೇಲೆ ನಡೆದ ಅಧ್ಯಯನಗಳು ತೋರಿಸಿದವು. ನರಕೋಶವೂ ತನ್ನ ಸಂಕೇತವನ್ನು ಸಾಗಿಸುವುದು ಇಂಥವೇ ದ್ವಾರಗಳ ಮೂಲಕ.

ಇವೆಲ್ಲಕ್ಕಿಂತ ಬಯಲಿಗೆ ಒಡ್ಡಿಕೊಂಡಿರುವ ಅಂಗವೆಂದರೆ ಮೀನಿನ ಮೂಗು. ಮನುಷ್ಯನ ಮಿದುಳಿಗೂ ರಕ್ತಕ್ಕೂ ನಡುವೆ ಒಂದು ಕಾವಲು ಗೋಡೆ ಇದೆ, ಮೀನಿನ ಮಿದುಳಿಗೂ ಇದೆ. ಆದರೆ ವಾಸನೆ ಹಿಡಿಯುವ ನರಕೋಶದ ತುದಿ ಹೊರಗಿನ ನೀರಿಗೇ ಚಾಚಿಕೊಂಡಿರುತ್ತದೆ. ಅಲ್ಲಿ ಗೋಡೆಯಿಲ್ಲ, ಬಾಗಿಲೂ ಇಲ್ಲ. ನೀರಿನಲ್ಲಿ ಏನಿದೆಯೋ ಅದು ನೇರವಾಗಿ ನರಕ್ಕೆ ತಾಗುತ್ತದೆ. ಮೈಯ ಎರಡೂ ಪಕ್ಕದಲ್ಲಿ ನೀರಿನ ಅಲುಗಾಟವನ್ನು ಗ್ರಹಿಸುವ ಪಾರ್ಶ್ವರೇಖೆಯ ರೋಮಕೋಶಗಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಕಲಕಿದ ಕೆರೆಯ ನೀರಿನಲ್ಲಿ ಬದುಕುವ ಮೀನಿಗೆ ಕಣ್ಣಿಗಿಂತ ಈ ಎರಡು ಇಂದ್ರಿಯಗಳೇ ಆಸರೆ.

ಜೇನುನೊಣಗಳ ನೃತ್ಯವನ್ನು ಬಿಡಿಸಿ ಹೇಳಿ 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಶ್ ಅದಕ್ಕೂ ಬಹಳ ಹಿಂದೆ, 1938ರಲ್ಲಿ, ಮೀನುಗಳ ಬಗ್ಗೆ ಒಂದು ಸಂಗತಿಯನ್ನು ಕಂಡಿದ್ದರು. ಗುಂಪಿನ ಒಂದು ಮೀನಿನ ಚರ್ಮ ಗಾಯಗೊಂಡರೆ ಅದರಿಂದ ಒಂದು ವಸ್ತು ನೀರಿಗೆ ಸೇರುತ್ತದೆ; ಅದರ ವಾಸನೆ ತಾಗಿದೊಡನೆ ಉಳಿದವು ಚದುರಿ ತಳ ಸೇರುತ್ತವೆ. ಅಪಾಯದ ಗಂಟೆ ಅದು. ಗೆಂಡೆಯ ಬಳಗಕ್ಕೆಲ್ಲ ಈ ಗುಣವಿದೆ. ಅಂದರೆ ಮೀನುಗಾರಿಕೆ ಇಲಾಖೆ ಕೆರೆಗಳಿಗೆ ಬಿತ್ತುವ ಕಾಟ್ಲಾ, ರೋಹು, ಮೃಗಾಲ, ಸಾಮಾನ್ಯ ಗೆಂಡೆ ಇವೆಲ್ಲ ಈ ಗಂಟೆಯನ್ನು ನಂಬಿ ಬದುಕುವ ಮೀನುಗಳು. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹವಳದ ದಿಬ್ಬದ ಸಣ್ಣ ಮೀನುಗಳನ್ನು ಒಂದು ದಿನ ಎಣ್ಣೆ ಬೆರೆತ ನೀರಿನಲ್ಲಿಟ್ಟು ನಂತರ ತಮ್ಮದೇ ಜಾತಿಯ ಅಪಾಯದ ವಾಸನೆಯನ್ನು ಒಡ್ಡಲಾಯಿತು. ಅವು ದೂರ ಸರಿಯಲಿಲ್ಲ. ಮೂಗಿನ ನರದ ವಿದ್ಯುತ್ ಸಂಕೇತವನ್ನು ಅಳೆದಾಗ ಅದೂ ಕುಂದಿತ್ತು. ಅದಕ್ಕೆ ಎರಡು ವರ್ಷ ಮೊದಲು ಆಸ್ಟ್ರೇಲಿಯದಲ್ಲಿ ನಡೆದ ಪ್ರಯೋಗದಲ್ಲಿ, ಎಣ್ಣೆ ತಾಗಿದ ಮರಿಗಳು ಆಸರೆಯ ಸಂದಿಗಳನ್ನು ಬಿಟ್ಟು ಬಯಲಿನಲ್ಲಿ ಅಲೆದಾಡಿ ಬೇಟೆಗಾರ ಮೀನುಗಳಿಗೆ ಬಲಿಯಾದವು. ಎಣ್ಣೆ ಅವನ್ನು ಕೊಲ್ಲಲಿಲ್ಲ, ಕೊಂದದ್ದು ಬೇಟೆಗಾರ. ಆದರೆ ಲೆಕ್ಕ ಯಾರ ಖಾತೆಗೆ ಬರೆಯಬೇಕು?

ತೊಟ್ಟಿಯಲ್ಲಿ ಬೇಟೆಗಾರ ಇರುವುದಿಲ್ಲ. 96 ಗಂಟೆಯ ಪರೀಕ್ಷೆಯಲ್ಲಿ ಈ ಮರಿಗಳೆಲ್ಲ ತೇರ್ಗಡೆಯಾಗುತ್ತಿದ್ದವು. ಕೆರೆಯಲ್ಲಿ ಮಾತ್ರ ಬೆಳ್ಳಕ್ಕಿ ಇದೆ, ನೀರುಕಾಗೆ ಇದೆ, ಕೊರಮೀನು ಇದೆ.

ಸಾಗರದ ಉದಾಹರಣೆಗಳು ಸಿಹಿನೀರಿಗೆ ಹೊಂದುವುದಿಲ್ಲ ಎಂಬ ಆಕ್ಷೇಪ ಬರಬಹುದು. ಅದಕ್ಕೆ ಉತ್ತರ ಅಮೆರಿಕದ ಸಿಯಾಟಲ್ ನಗರದ ತೊರೆಗಳಲ್ಲಿದೆ. ಅಲ್ಲಿ ಮೊಟ್ಟೆಯಿಡಲು ಕಡಲಿನಿಂದ ಮರಳುತ್ತಿದ್ದ ಕೋಹೊ ಸಾಲ್ಮನ್‌ಗಳು ಶರತ್ಕಾಲದ ಮಳೆ ಬಿದ್ದೊಡನೆ ದಿಕ್ಕು ತಪ್ಪಿ, ಮೇಲ್ಮೈಯಲ್ಲಿ ಸುತ್ತಿ, ಬಾಯಿ ತೆರೆದು, ಮೈಯ ಸಮತೋಲ ಕಳೆದುಕೊಂಡು ಮೊಟ್ಟೆಯಿಡುವ ಮುನ್ನವೇ ಸಾಯುತ್ತಿದ್ದವು. ಕಾರ್ಖಾನೆಯ ಕೊಳವೆ ಯಾವುದೂ ಅಲ್ಲಿರಲಿಲ್ಲ. ಇದ್ದದ್ದು ರಸ್ತೆ ಮಾತ್ರ. ಎಣ್ಣೆ, ಲೋಹ, ಕೀಟನಾಶಕ ಎಂದು ಒಂದೊಂದನ್ನೇ ಅನುಮಾನಿಸುತ್ತಾ ಹೋದ ವಿಜ್ಞಾನಿಗಳು ವರ್ಷಗಳ ಹುಡುಕಾಟದ ನಂತರ 2020ರ ಡಿಸೆಂಬರಿನಲ್ಲಿ ಮುಖ್ಯ ಅಪರಾಧಿಯನ್ನು ಹೆಸರಿಸಿದರು. ಟಯರಿನ ರಬ್ಬರು ಬಿರಿಯದಂತೆ ಬೆರೆಸುವ ರಾಸಾಯನಿಕವೊಂದು ಗಾಳಿಯ ಓಜೋನ್ ತಾಗಿ ಮಾರ್ಪಟ್ಟು ಆದ ವಸ್ತು ಅದು. ಅಪರಾಧಿ ಎಣ್ಣೆಯಲ್ಲ, ಟಯರು ಎಂದು ಸಮಾಧಾನಪಡುವಂತಿಲ್ಲ. ರಸ್ತೆಯ ಮೇಲಿನ ಎಣ್ಣೆಯೂ ಟಯರಿನ ಪುಡಿಯೂ ಒಂದೇ ಮಳೆನೀರಿನಲ್ಲಿ ಒಂದೇ ಕಾಲುವೆ ಹಿಡಿಯುತ್ತವೆ. ಹೊಸೂರು ರಸ್ತೆಯ ಟಯರುಗಳ ಸಂಖ್ಯೆಯನ್ನು ಹೇಳಬೇಕಾಗಿಲ್ಲ.

ಎಷ್ಟು ಕಡಿಮೆ ಪ್ರಮಾಣ ಸಾಕು ಎಂಬುದೇ ಆತಂಕದ ಸಂಗತಿ. ಅಲಾಸ್ಕದ ದುರಂತದ ನಂತರ ಅಮೆರಿಕದ ಸಾಗರ ಸಂಶೋಧಕರು ದಶಕಗಳ ಕಾಲ ಹೆರಿಂಗ್ ಮತ್ತು ಸಾಲ್ಮನ್ ಭ್ರೂಣಗಳನ್ನು ಅಧ್ಯಯನ ಮಾಡಿದರು. 2015ರ ವರದಿಯ ಪ್ರಕಾರ ಒಂದು ಲೀಟರಿಗೆ ಒಂದು ಮೈಕ್ರೊಗ್ರಾಮಿನ ಆಸುಪಾಸು ಪಿ.ಎ.ಎಚ್. ತಾಗಿದ ಭ್ರೂಣಗಳು ಹೊರನೋಟಕ್ಕೆ ಸರಿಯಾಗಿಯೇ ಮರಿಯಾದವು, ಬೆಳೆದವು. ತಿಂಗಳುಗಳ ಬಳಿಕ ಈಜಿಸಿ ನೋಡಿದಾಗ ಹೃದಯದ ಆಕಾರ ಕೆಟ್ಟಿತ್ತು, ಈಜಿನ ವೇಗ ತಗ್ಗಿತ್ತು. ಇನ್ನು ಭಾರತದ ನಿಯಮಕ್ಕೆ ಬರೋಣ. ಒಳನಾಡಿನ ಜಲಮೂಲಕ್ಕೆ ಬಿಡುವ ತ್ಯಾಜ್ಯನೀರಿನಲ್ಲಿ 'ಎಣ್ಣೆ ಮತ್ತು ಜಿಡ್ಡು' ಲೀಟರಿಗೆ 10 ಮಿಲಿಗ್ರಾಂವರೆಗೆ ಇರಬಹುದು. ಹತ್ತು ಮಿಲಿಗ್ರಾಂ ಎಂದರೆ ಹತ್ತು ಸಾವಿರ ಮೈಕ್ರೊಗ್ರಾಂ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಪೂರ್ತಿ ನ್ಯಾಯವಲ್ಲ, ಒಪ್ಪಬೇಕು. ಜಿಡ್ಡಿನಲ್ಲಿ ಅಡುಗೆ ಎಣ್ಣೆಯೂ ಸೇರುತ್ತದೆ, ಅದರಲ್ಲಿ ಪಿ.ಎ.ಎಚ್. ಒಂದು ಸಣ್ಣ ಪಾಲು. ಆದರೆ ಆ ಪಾಲು ಎಷ್ಟು ಎಂದು ಅಳೆಯುವ ಹೊಣೆಯನ್ನೇ ನಿಯಮ ಹೊರಿಸಿಲ್ಲವಲ್ಲ.

ಅಳೆಯುವ ವಿಧಾನದಲ್ಲೂ ಒಂದು ಸೋರಿಕೆಯಿದೆ. ವಾಡಿಕೆಯ ವಿಧಾನದಲ್ಲಿ ನೀರಿನ ಮಾದರಿಯಿಂದ ಎಣ್ಣೆಯನ್ನು ದ್ರಾವಕವೊಂದಕ್ಕೆ ಇಳಿಸಿ, ದ್ರಾವಕವನ್ನು ಬಿಸಿಮಾಡಿ ಆವಿಯಾಗಿಸಿ, ಉಳಿದ ಜಿಡ್ಡನ್ನು ತಕ್ಕಡಿಯಲ್ಲಿ ತೂಗುತ್ತಾರೆ. ದ್ರಾವಕದ ಜೊತೆಗೆ ಪೆಟ್ರೋಲು, ಡೀಸೆಲಿನ ಹಗುರ ಅಂಶಗಳೂ ಆವಿಯಾಗಿ ಹೋಗುತ್ತವೆ. ಮೀನಿಗೆ ಮತ್ತೇರಿಸುವುದು ಯಾವುದೋ ಅದೇ ತೂಕಕ್ಕೆ ಸಿಗುವುದಿಲ್ಲ. ಪ್ರಯೋಗಾಲಯದವರ ತಪ್ಪೇನಲ್ಲ, ಅವರು ಕೈಪಿಡಿಯಲ್ಲಿದ್ದಂತೆ ಮಾಡುತ್ತಾರೆ.

ಕೆರೆಯ ನೀರಿನ ದರ್ಜೆ ನಿರ್ಧರಿಸುವಾಗಲಂತೂ ಎಣ್ಣೆಯ ಮಾತೇ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು 'ಎ'ಯಿಂದ 'ಇ'ವರೆಗೆ ಐದು ವರ್ಗಗಳಾಗಿ ವಿಂಗಡಿಸಿದೆ. 'ಡಿ' ವರ್ಗವೆಂದರೆ ವನ್ಯಜೀವಿ ಮತ್ತು ಮೀನುಗಾರಿಕೆಗೆ ತಕ್ಕ ನೀರು. ಅದಕ್ಕೆ ಗೊತ್ತುಪಡಿಸಿದ ಷರತ್ತುಗಳು ಮೂರೇ. ಆಮ್ಲ-ಕ್ಷಾರ ಸೂಚಿ 6.5ರಿಂದ 8.5ರ ನಡುವೆ ಇರಬೇಕು, ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಹೆಚ್ಚು ಇರಬೇಕು, ಮುಕ್ತ ಅಮೋನಿಯ 1.2 ಮಿಲಿಗ್ರಾಂ ಮೀರಬಾರದು. ಮುಗಿಯಿತು. ನೀರಿನ ಮೇಲೆ ಎಣ್ಣೆಯ ಬಣ್ಣಬಣ್ಣದ ಪೊರೆ ಹರಡಿದ್ದರೂ ಈ ಮೂರು ಸರಿಯಿದ್ದಲ್ಲಿ ಕಾಗದದ ಪ್ರಕಾರ ಅದು ಮೀನಿನ ಕೆರೆ.

ಎಣ್ಣೆಯ ವಿಷಯ ಕಾನೂನು ರೂಪಿಸಿದವರಿಗೆ ಗೊತ್ತಿರಲಿಲ್ಲ ಎನ್ನುವಂತೆಯೂ ಇಲ್ಲ. ಇದೇ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಕರಾವಳಿಯ ನೀರಿಗೆ ಬೇರೆ ಮಾನದಂಡವಿದೆ. ಉಪ್ಪಿನಗದ್ದೆ, ಚಿಪ್ಪುಮೀನು, ಕಡಲ ಮೀನುಸಾಕಣೆ ಇರುವ ಮೊದಲ ದರ್ಜೆಯ ಕಡಲನೀರಿನಲ್ಲಿ ಪೆಟ್ರೋಲಿಯಮ್ ಸೇರಿದಂತೆ ಎಣ್ಣೆ ಮತ್ತು ಜಿಡ್ಡು ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು. ಮೀನಿನ ಮೊಟ್ಟೆ ಮತ್ತು ಮರಿಗಳ ಮೇಲೆ ಪರಿಣಾಮವಾಗುತ್ತದೆ ಎಂಬುದೇ ಅಲ್ಲಿ ಕೊಟ್ಟಿರುವ ಕಾರಣ. ಕಡಲಿನ ಮೊಟ್ಟೆಗೆ ಆಗುವ ಪರಿಣಾಮ ಕೆರೆಯ ಮೊಟ್ಟೆಗೆ ಆಗುವುದಿಲ್ಲವೇ? ಯುರೋಪಿನ ದೇಶಗಳ ಒಕ್ಕೂಟ 1978ರಲ್ಲೇ ಮೀನಿನ ಸಿಹಿನೀರಿಗೆಂದು ಹೊರಡಿಸಿದ ನಿರ್ದೇಶನದಲ್ಲಿ ಪೆಟ್ರೋಲಿಯಮ್ ವಿಷಯಕ್ಕೆ ಅಂಕಿಯನ್ನೇ ಬಳಸಿರಲಿಲ್ಲ. ನೀರಿನ ಮೇಲೆ ಕಣ್ಣಿಗೆ ಕಾಣುವ ಪೊರೆ ಇರಕೂಡದು, ಮೀನಿನ ರುಚಿಯಲ್ಲಿ ಎಣ್ಣೆ ತಿಳಿಯಕೂಡದು, ಮೀನಿಗೆ ಹಾನಿಯಾಗಕೂಡದು ಎಂದಷ್ಟೇ ಅದು ಹೇಳಿತ್ತು. ಮುಂದೆ ಆ ನಿರ್ದೇಶನ ಹೊಸ ಜಲನೀತಿಯಲ್ಲಿ ವಿಲೀನವಾಯಿತು. ಕಣ್ಣು, ನಾಲಿಗೆಗಳನ್ನೇ ಉಪಕರಣವಾಗಿ ಒಪ್ಪಿದ ಆ ಕಾನೂನು ಬೊಮ್ಮಸಂದ್ರದ ಮೀನುಗಾರನಿಗೂ ಅರ್ಥವಾಗುತ್ತಿತ್ತು. ಎಣ್ಣೆ ಸೋಂಕಿದ ನೀರಿನ ಮೀನಿಗೆ ಸೀಮೆಎಣ್ಣೆಯ ವಾಸನೆ ಬರುತ್ತದೆಂಬುದನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ.

ಎಣ್ಣೆಯ ಮಾನದಂಡದ ಹಿಂದೆ ಇನ್ನೊಂದು ಊಹೆ ಅಡಗಿದೆ. ತ್ಯಾಜ್ಯನೀರು ಹೊಳೆಗೋ ಕಡಲಿಗೋ ಸೇರಿದ ಮೇಲೆ ಹಲವು ಪಟ್ಟು ತಿಳಿಯಾಗುತ್ತದೆ ಎಂಬುದು ಆ ಊಹೆ. ಬೊಮ್ಮಸಂದ್ರದ ಸುತ್ತ ಹೊಳೆಯೇ ಇಲ್ಲ. ಬೇಸಿಗೆಯಲ್ಲಿ ಇಲ್ಲಿನ ಕೆರೆಗಳಿಗೆ ಬರುವುದೇ ಚರಂಡಿಯ ನೀರು. ಬೆರೆಯಲು ಶುದ್ಧ ನೀರು ಎಲ್ಲಿಂದ ಬರಬೇಕು? ಬಂದ ಎಣ್ಣೆ ಹೂಳಿಗೆ ಅಂಟಿ ತಳ ಸೇರುತ್ತದೆ. ತಳ ಕೆದಕಿ ಮೇಯುವ ಮೃಗಾಲಕ್ಕೂ ಗೆಂಡೆಗೂ ಅದೇ ಮೇವಿನ ನೆಲ. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದರೂ ಅದಕ್ಕೆ ಮುಂಚಿನ ದಶಕಗಳ ಸೀಸ ಹೆದ್ದಾರಿ ಬದಿಯ ಹೂಳಿನಲ್ಲಿ ಹಾಗೆಯೇ ಕುಳಿತಿರುವುದುಂಟು. ಸೀಸಕ್ಕೆ ಕೊಳೆಯುವ ಗುಣವಿಲ್ಲ, ಮತ್ತು ಅದೂ ನರಕ್ಕೇ ವಿಷ.

ಮೀನು ಸತ್ತು ತೇಲಿದಾಗಲಾದರೂ ತನಿಖೆ ನಡೆಯುತ್ತದೆಯೇ ಎಂದರೆ, ಅದು ಒಂದು ಸಾಲಿನಲ್ಲಿ ಮುಗಿಯುತ್ತದೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ದಡಕ್ಕೆ ಬಂದವು. ಆಮ್ಲಜನಕದ ಕೊರತೆ ಎಂಬ ವಿವರಣೆ ಬಂದಿತು. ಅದು ಸುಳ್ಳಲ್ಲ. ಚರಂಡಿಯ ಸಾವಯವ ಕೊಳೆ ಆಮ್ಲಜನಕವನ್ನು ತಿನ್ನುತ್ತದೆ, ಬೆಳಗಿನ ಜಾವ ಅದು ತಳಮಟ್ಟಕ್ಕೆ ಇಳಿಯುತ್ತದೆ, ಮೀನು ಉಸಿರುಗಟ್ಟುತ್ತದೆ. ಬೆಂಗಳೂರಿನ ಕೆರೆಗಳಲ್ಲಿ ಮೀನು ಸಾಯಲು ಇದೇ ದೊಡ್ಡ ಕಾರಣವಿರಲೂಬಹುದು. ಆದರೆ ಈ ಉತ್ತರ ಎಷ್ಟು ಅನುಕೂಲಕರವೆಂದರೆ ಆಮ್ಲಜನಕದ ಅಂಕಿ ಸಿಕ್ಕೊಡನೆ ಉಳಿದ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಆಮ್ಲಜನಕ ಕಡಿಮೆಯಾದಾಗ ಮೀನು ಏನು ಮಾಡುತ್ತದೆ? ಗಾಳಿ ತಾಗುವ ಮೇಲ್ಪದರಕ್ಕೆ ಬರುತ್ತದೆ. ಕೊರಮೀನು, ಚೇಳುಮೀನುಗಳಂತೂ ಹುಟ್ಟಾ ಗಾಳಿಯನ್ನೇ ನುಂಗಿ ಉಸಿರಾಡುವಂಥವು. ಕೊಳಕು ನೀರಲ್ಲಿ ಬೇರೆ ಮೀನು ಸತ್ತರೂ ಇವು ಉಳಿಯುವುದು ಅದೇ ಕಾರಣಕ್ಕೆ. ಎಣ್ಣೆಯ ಪೊರೆ ಇರುವುದೂ ಅದೇ ಮೇಲ್ಪದರದಲ್ಲಿ. ಒಂದೊಂದು ಉಸಿರಿಗೂ ಎಣ್ಣೆಯನ್ನು ಬಾಯಿತುಂಬ ತೆಗೆದುಕೊಳ್ಳಬೇಕು.

ಮೇಲ್ಪದರದ ಎಣ್ಣೆ ಎಂಥ ಆಯುಧವೆಂಬುದು ಮೀನುಸಾಕಣೆಯವರಿಗೆ ಚೆನ್ನಾಗಿ ಗೊತ್ತು. ಮರಿಸಾಕಣೆಯ ಕೊಳದಲ್ಲಿ ಮೀನುಮರಿಗಳನ್ನು ತಿನ್ನುವ ನೀರುಹುಳುಗಳನ್ನು ಕೊಲ್ಲಲು ಹೆಕ್ಟೇರಿಗೆ 56 ಕಿಲೊ ಅಗ್ಗದ ಎಣ್ಣೆಯನ್ನು 18 ಕಿಲೊ ಸೋಪಿನೊಂದಿಗೆ ಕಲಸಿ ಎರಚುವುದು ಹಳೆಯ ಶಿಫಾರಸು. ಹುಳುಗಳು ಉಸಿರಿಗೆ ಮೇಲೆ ಬಂದು ಪೊರೆಯಲ್ಲಿ ಸಿಕ್ಕಿ ಸಾಯುತ್ತವೆ. ಮರಿಗಳನ್ನು ಬಿಡುವುದು ಪೊರೆ ಚದುರಿದ ಮೇಲೆ. ಕೆರೆಯಲ್ಲಿ ಪೊರೆ ಚದುರುವವರೆಗೆ ಕಾಯುವವರಿಲ್ಲ.

ಈ ಪ್ರಶ್ನೆ ಮಲೆನಾಡಿನ ಓದುಗರಿಗೆ ದೂರದ್ದೆಂದು ತೋರಬಹುದು. ಬೆಂಗಳೂರಿನ ಕೊಳಕು ಬೆಂಗಳೂರಿಗೆ ಎಂಬ ಮಾತು ಘಟ್ಟದ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅದು ಸರಿಯಾದ ಮಾತಲ್ಲ. ಮಂಗಳೂರಿನಿಂದ ನೇರಿಯ, ಹಾಸನಗಳ ಮೂಲಕ ಬೆಂಗಳೂರು ಪೂರ್ವದ ದೇವನಗೊಂದಿಯವರೆಗೆ 362 ಕಿಲೊಮೀಟರ್ ಉದ್ದದ ಪೆಟ್ರೋಲಿಯಮ್ ಕೊಳವೆಮಾರ್ಗ 2003ರಿಂದ ಘಟ್ಟವನ್ನು ಹತ್ತಿ ಹೋಗುತ್ತಿದೆ. ರಾಜಧಾನಿಯ ಹೊರವಲಯ ಕುಡಿಯುವ ಎಣ್ಣೆಯ ಒಂದು ಪಾಲು ನೇತ್ರಾವತಿಯ ಉಪನದಿಗಳ ಪಕ್ಕದಿಂದಲೇ ಸಾಗುತ್ತದೆ. ಶಿರಾಡಿಯಲ್ಲಿ ಟ್ಯಾಂಕರ್ ಮಗುಚಿದ ಸುದ್ದಿ ಮಳೆಗಾಲಕ್ಕೆ ಹೊಸತಲ್ಲ. ಇನ್ನು ಹಳ್ಳದ ದಂಡೆಯ ಡೀಸೆಲ್ ಪಂಪು, ಹೊಳೆಯ ಮಡುವಿಗೇ ಇಳಿಸಿ ತೊಳೆಯುವ ಜೀಪು, ಬೇಲಿಗೂಟಕ್ಕೆ ಗೆದ್ದಲು ಹತ್ತದಿರಲೆಂದು ಬಳಿಯುವ ವೇಸ್ಟ್ ಆಯಿಲ್ ಇವಕ್ಕೆ ಯಾವ ಕಂಪನಿಯನ್ನು ಹೊಣೆಮಾಡುವುದು? ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣದ ತಾಮ್ರ ಎಣ್ಣೆಯಲ್ಲ, ಆದರೂ ಇಲ್ಲಿ ಹೇಳದೆ ಬಿಡುವಂತಿಲ್ಲ. ಲೀಟರಿಗೆ ಕೆಲವೇ ಮೈಕ್ರೊಗ್ರಾಂ ಕರಗಿದ ತಾಮ್ರ ಕೆಲವು ಗಂಟೆಗಳಲ್ಲಿ ಸಾಲ್ಮನ್ ಮರಿಯ ಮೂಗನ್ನು ಮಂಕಾಗಿಸಿ ಅಪಾಯದ ವಾಸನೆ ತಿಳಿಯದಂತೆ ಮಾಡುತ್ತದೆಂದು 2007ರಲ್ಲೇ ತೋರಿಸಲಾಗಿದೆ. ಶೃಂಗೇರಿಯ ಮೆಟ್ಟಿಲ ಬಳಿ ಮಂಡಕ್ಕಿಗೆ ಮುಗಿಬೀಳುವ ತುಂಗೆಯ ಮೀನುಗಳಿಗೂ ಅದೇ ಬಗೆಯ ಮೂಗು.

ನರದ ಮೇಲಿನ ಹಾನಿಯನ್ನು ಅಳೆಯುವುದು ದುಬಾರಿ, ವಿದೇಶಿ ಪ್ರಯೋಗಾಲಯಗಳಿಗೆ ಮಾತ್ರ ಸಾಧ್ಯ ಎಂಬ ಮಾತು ಇನ್ನೊಂದು ನೆಪ. ನರದಿಂದ ನರಕ್ಕೆ, ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಕೆಲಸ ಮುಗಿದೊಡನೆ ಒಡೆದುಹಾಕುವ ಕಿಣ್ವವೊಂದಿದೆ, ಅಸಿಟೈಲ್‌ಕೋಲಿನೆಸ್ಟರೇಸ್. ಅದು ಕೆಲಸ ನಿಲ್ಲಿಸಿದರೆ ಸಂದೇಶ ನಿಲ್ಲದೆ ಬಡಿಯುತ್ತಲೇ ಇರುತ್ತದೆ, ಸ್ನಾಯು ಸೆಟೆಯುತ್ತದೆ. ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್‌ನಂಥ ಕೀಟನಾಶಕಗಳು ಕೀಟವನ್ನು ಕೊಲ್ಲುವುದು ಹೀಗೆಯೇ. ಎಣ್ಣೆಯ ಅಂಶಗಳು ತಾಗಿದ ಮೀನಿನ ಮಿದುಳಿನಲ್ಲೂ ಈ ಕಿಣ್ವ ಕುಂದಿರುವುದನ್ನು ಹಲವು ಅಧ್ಯಯನಗಳು ದಾಖಲಿಸಿವೆ. ಜಾರ್ಜ್ ಎಲ್ಮನ್ 1961ರಲ್ಲಿ ರೂಪಿಸಿದ ಪರೀಕ್ಷೆಯಲ್ಲಿ ಇದನ್ನು ಅಳೆಯಲು ಬೇಕಾದದ್ದು ಒಂದು ಬಣ್ಣಮಾಪಕ ಯಂತ್ರ, ಎರಡು ರಾಸಾಯನಿಕ ಮತ್ತು ಮಂಜುಗಡ್ಡೆ. ಕೃಷಿ ವಿಶ್ವವಿದ್ಯಾಲಯಗಳ ಕೀಟನಾಶಕ ವಿಭಾಗಗಳಿಗೆ, ಜೀವರಸಾಯನ ವಿಭಾಗವಿರುವ ಪದವಿ ಕಾಲೇಜುಗಳಿಗೆ ಇದು ನಿತ್ಯದ ಕೆಲಸ. ಕಿಣ್ವ ಕುಂದಿದ್ದು ಎಣ್ಣೆಯಿಂದಲೋ ಕೀಟನಾಶಕದಿಂದಲೋ ಲೋಹದಿಂದಲೋ ಎಂದು ಈ ಪರೀಕ್ಷೆ ಹೇಳುವುದಿಲ್ಲ, ನಿಜ. ಅದು ಹೇಳುವುದು ಒಂದನ್ನೇ: ಈ ಕೆರೆಯಲ್ಲಿ ನರಕ್ಕೆ ಪೆಟ್ಟು ಬೀಳುತ್ತಿದೆ, ಹುಡುಕಿ. ಎಣ್ಣೆಯನ್ನೇ ಹುಡುಕಬೇಕಾದರೆ ಮೀನಿನ ಪಿತ್ತರಸವನ್ನು ನೋಡಬೇಕು. ಮೀನಿನ ಯಕೃತ್ತು ಪಿ.ಎ.ಎಚ್.ಗಳನ್ನು ಬೇಗನೆ ಮಾರ್ಪಡಿಸಿ ಪಿತ್ತಕ್ಕೆ ತಳ್ಳುತ್ತದೆ. ಮಾಂಸವನ್ನು ಮಾತ್ರ ಪರೀಕ್ಷಿಸಿ 'ಪತ್ತೆಯಾಗಿಲ್ಲ' ಎಂದು ಬರೆದುಕೊಟ್ಟ ವರದಿ ಮೀನಿಗೆ ಎಣ್ಣೆ ತಾಗಿಲ್ಲವೆಂಬುದಕ್ಕೆ ಸಾಕ್ಷಿಯಾಗದು.

96 ಗಂಟೆಯ ಪರೀಕ್ಷೆಯನ್ನೂ ಕೈಬಿಡಬೇಕಾಗಿಲ್ಲ. ಬದುಕಿದ ಮೀನಿಗೆ ಐದನೆಯ ದಿನ ಇನ್ನೊಂದು ಗಂಟೆ ಕೊಟ್ಟರೆ ಸಾಕು. ತೊಟ್ಟಿಯ ಒಂದು ಮೂಲೆಗೆ ಮೇವಿನ ನೀರನ್ನು ಬಿಟ್ಟು ಎಷ್ಟು ಮೀನು ಅತ್ತ ತಿರುಗುತ್ತವೆ ಎಂದು ಎಣಿಸಬಹುದು, ಗೆಂಡೆಯ ಚರ್ಮವನ್ನು ಅರೆದು ಸೋಸಿದ ನೀರನ್ನು ಬಿಟ್ಟು ಎಷ್ಟು ಬೆದರುತ್ತವೆ ಎಂದು ನೋಡಬಹುದು. ಇದಕ್ಕೆ ಯಂತ್ರವೂ ಬೇಡ, ತಾಳ್ಮೆ ಬೇಕು. 'ಡಿ' ವರ್ಗದ ಷರತ್ತುಗಳಿಗೆ ಎಣ್ಣೆಯನ್ನು ನಾಲ್ಕನೆಯದಾಗಿ ಸೇರಿಸಲು ಹೊಸ ಸಂಶೋಧನೆಯ ಅಗತ್ಯವಿಲ್ಲ. ಕಡಲಿಗೆ ಬರೆದ ಸಾಲನ್ನು ಕೆರೆಗೂ ಬರೆದರೆ ಆಯಿತು.

ಎಣ್ಣೆ ಕೆರೆಗೆ ಬಾರದಂತೆ ತಡೆಯುವ ದಾರಿಯೂ ಅಸಾಧ್ಯದ್ದೇನಲ್ಲ. ವೇಸ್ಟ್ ಆಯಿಲ್ ಅಪಾಯಕಾರಿ ತ್ಯಾಜ್ಯಗಳ ಪಟ್ಟಿಯಲ್ಲಿದೆ. ಅದನ್ನು ಅನುಮತಿ ಪಡೆದ ಮರುಸಂಸ್ಕರಣಾ ಘಟಕಕ್ಕೇ ಕೊಡಬೇಕೆಂದು 2016ರ ನಿಯಮಗಳು ಹೇಳುತ್ತವೆ, 2024ರ ಏಪ್ರಿಲ್‌ನಿಂದ ಎಣ್ಣೆ ತಯಾರಕರ ಮೇಲೂ ಹಿಂಪಡೆಯುವ ಹೊಣೆ ಬಿದ್ದಿದೆ. ದೊಡ್ಡ ಕಾರ್ಖಾನೆಗಳಿಗೆ ಲೆಕ್ಕ ಬರೆಯಲು ಗುಮಾಸ್ತರಿದ್ದಾರೆ. ಇಬ್ಬರು ಹುಡುಗರಿರುವ ಗ್ಯಾರೇಜಿಗೆ, ಒಂದೇ ಲೇತಿನ ಷೆಡ್ಡಿಗೆ ಇದನ್ನು ತಲಪಿಸುವುದು ಹೇಗೆ ಎಂಬುದೇ ಪ್ರಶ್ನೆ. ತಿಂಗಳಿಗೊಮ್ಮೆ ಮನೆಬಾಗಿಲಿಗೆ ಬಂದು ಡಬ್ಬ ತುಂಬಿಸಿಕೊಂಡು ದುಡ್ಡು ಕೊಡುವ ಬಂಡಿ ಬಂದರೆ ಯಾವ ಹುಡುಗನೂ ಚರಂಡಿಗೆ ಸುರಿಯುವುದಿಲ್ಲ. ರಸ್ತೆಯ ನೀರಿಗೆ ಸಿಯಾಟಲ್‌ನವರು ಕಂಡುಕೊಂಡ ಪರಿಹಾರ ಇನ್ನೂ ಸರಳ. ಸಾಲ್ಮನ್‌ಗಳನ್ನು ಗಂಟೆಗಳಲ್ಲಿ ಕೊಲ್ಲುತ್ತಿದ್ದ ಅದೇ ಮಳೆನೀರನ್ನು ಮರಳು ಮತ್ತು ಕಾಂಪೋಸ್ಟ್ ಬೆರೆಸಿದ ಮಣ್ಣಿನ ಪದರದ ಮೂಲಕ ಇಳಿಸಿದಾಗ ಮೀನುಗಳು ಬದುಕಿದವು. ಹೆಬ್ಬಗೋಡಿ ಕೆರೆಯಲ್ಲಿ ತೇಲುವ ಸಸ್ಯದ್ವೀಪಗಳನ್ನು ಬಿಟ್ಟು ನೀರನ್ನು ತಿಳಿಯಾಗಿಸುವ ಯತ್ನ ನಡೆದಿದೆ, ಅದು ಒಳ್ಳೆಯದೇ. ಆದರೆ ಎಣ್ಣೆಯನ್ನು ತಡೆಯಬೇಕಾದದ್ದು ಕೆರೆಯ ನಡುವೆ ಅಲ್ಲ, ರಾಜಕಾಲುವೆ ಕೆರೆಗೆ ಸೇರುವ ಬಾಯಲ್ಲಿ. ಅಲ್ಲಿ ಮಣ್ಣು, ಮರಳು, ಗೊಬ್ಬರ, ಲಾವಂಚದ ಸಾಲು ಬೇಕು. ರೈತನಿಗೆ ಗೊತ್ತಿರುವ ವಸ್ತುಗಳೇ ಎಲ್ಲ.

ಬೆಳ್ಳಂದೂರು ಕೆರೆಗೆ 2015ರಲ್ಲೂ 2018ರಲ್ಲೂ ಬೆಂಕಿ ಬಿದ್ದಾಗ ದೇಶವೇ ತಿರುಗಿ ನೋಡಿತು. ವರ್ತೂರಿನ ನೊರೆ ರಸ್ತೆಗೆ ಹಾರಿದಾಗಲೂ ಹಾಗೆಯೇ. ಬೊಮ್ಮಸಂದ್ರದ ಕೆರೆಸಾಲಿನಲ್ಲಿ ಅಂಥ ದೃಶ್ಯಕ್ಕಾಗಿ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಬೇಸಿಗೆ ಉದ್ದಕ್ಕೂ ರಸ್ತೆಯ ಮೇಲೆ ಕೂತ ಎಣ್ಣೆ ಮತ್ತು ಟಯರಿನ ಪುಡಿ ಒಟ್ಟಿಗೆ ಕೆರೆಗೆ ಇಳಿಯುವುದು ಮುಂಗಾರಿಗೆ ಮುನ್ನ ಬೀಳುವ ಮೊದಲ ಜೋರು ಮಳೆಯಲ್ಲಿ. ಆ ಮಳೆಗೆ ಮೊದಲು ಹತ್ತು ಗೆಂಡೆ, ಮಳೆ ಬಿದ್ದ ಮೂರನೆಯ ದಿನ ಹತ್ತು ಗೆಂಡೆ ಹಿಡಿದು, ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ಯಬೇಕು, ಮಿದುಳಿನ ಕಿಣ್ವವನ್ನೂ ಪಿತ್ತವನ್ನೂ ಅಳೆಯಬೇಕು. ಹೋಲಿಕೆಗೆ ಚರಂಡಿ ಸೇರದ, ಹೆದ್ದಾರಿಯಿಂದ ದೂರದ ಒಂದು ಕೆರೆಯ ಹತ್ತು ಗೆಂಡೆ. ಬೆಂಗಳೂರಿನ ಸುತ್ತ ಮೊದಲ ಮಳೆ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಬೀಳುತ್ತದೆ. ಮೊದಲ ಹತ್ತು ಮೀನು ಮಾರ್ಚಿನಲ್ಲೇ ಕೈಯಲ್ಲಿರಬೇಕು.